ಎಫ್‌ಎ ಕಪ್‌ನ ಜನಕ ಚಾರ್ಲ್ಸ್ ಆಲ್ಕಾಕ್

ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ನಾಕೌಟ್ ಎಂದು ಕರೆಯಲಾಗುವ ಈ ಪದ್ಧತಿ ಇಂದು ಶಾಲಾ ಕ್ರೀಡಾಕೂಟದಿಂದ ವಿಶ್ವಕಪ್‌ವರೆಗೆ ಎಲ್ಲೆಡೆ ಚಾಲ್ತಿಯಲ್ಲಿದೆ. ಆದರೆ ಒಂದು ದೇಶದ ಫುಟ್ಬಾಲ್ ತಂಡಗಳನ್ನೆಲ್ಲ ಒಂದೇ ಕಪ್‌ಗಾಗಿ ಸೆಣಸಲು ಆಹ್ವಾನಿಸಬಹುದು ಎಂಬ ಆಲೋಚನೆ ಮೊದಲು ಹೊಳೆದದ್ದು ಇಂಗ್ಲೆಂಡಿನ 28 ವರ್ಷದ ಯುವಕನೊಬ್ಬನಿಗೆ. ಅವರೇ ಚಾರ್ಲ್ಸ್ ವಿಲಿಯಂ ಆಲ್ಕಾಕ್. ಜಗತ್ತಿನ ಅತ್ಯಂತ ಹಳೆಯ ರಾಷ್ಟ್ರೀಯ ಫುಟ್ಬಾಲ್ ಪಂದ್ಯಾವಳಿಯಾದ ಎಫ್‌ಎ ಕಪ್‌ನ ಇತಿಹಾಸವೆಂದರೆ ಬಹುಮಟ್ಟಿಗೆ ಅವರ ಜೀವನ ಚರಿತ್ರೆಯೇ ಆಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಆಲ್ಕಾಕ್ ಜನಿಸಿದ್ದು 1842ರ ಡಿಸೆಂಬರ್ 2ರಂದು, ಈಶಾನ್ಯ ಇಂಗ್ಲೆಂಡಿನ ಬಂದರು ಪಟ್ಟಣ ಸಂಡರ್‌ಲೆಂಡ್‌ನಲ್ಲಿ. ಹಡಗಿನ ವ್ಯವಹಾರದಿಂದ ಸ್ಥಿತಿವಂತರಾಗಿದ್ದ ಕುಟುಂಬವು ಮುಂದೆ ಲಂಡನ್ ಸಮೀಪದ ಎಸೆಕ್ಸ್‌ಗೆ ಬಂದು ನೆಲೆಸಿತು. ಶ್ರೀಮಂತರ ಮಕ್ಕಳು ಓದುತ್ತಿದ್ದ ಹ್ಯಾರೋ ಶಾಲೆಗೆ ಬಾಲಕ ಚಾರ್ಲ್ಸ್ ಸೇರಿದ. ಅಲ್ಲಿನ ವಿದ್ಯಾರ್ಥಿ ನಿಲಯಗಳ ನಡುವೆ ಪ್ರತಿವರ್ಷ ಫುಟ್ಬಾಲ್ ಸ್ಪರ್ಧೆ ನಡೆಯುತ್ತಿತ್ತು. ಸೋತ ನಿಲಯ ಹೊರಬೀಳುತ್ತಿತ್ತು. ಕೊನೆಗೆ ಉಳಿದ ನಿಲಯ ವಿಜೇತ ಪಟ್ಟ ಧರಿಸುತ್ತಿತ್ತು. ಶಾಲೆಯ ಅಂಗಳದ ಈ ಆಟವೇ ಮುಂದೆ ರಾಷ್ಟ್ರದ ಹಬ್ಬವಾಗಿ ಬೆಳೆಯಿತು.

ಶಾಲೆ ಬಿಟ್ಟ ಬಳಿಕವೂ ಚೆಂಡಿನ ಮೋಹ ಬಿಡಲಿಲ್ಲ. 1859ರಲ್ಲಿ ಸಹೋದರ ಜಾನ್ ಮತ್ತಿತರ ಗೆಳೆಯರೊಡನೆ ಫಾರೆಸ್ಟ್ ಕ್ಲಬ್ ಸ್ಥಾಪನೆಯಾಯಿತು. ಅದೇ ಮುಂದೆ ವಾಂಡರರ್ಸ್ ಎಂಬ ಹೆಸರು ಪಡೆಯಿತು. ಸ್ವಂತ ಮೈದಾನವಿಲ್ಲದೆ ಊರೂರು ಅಲೆದು ಆಡುತ್ತಿದ್ದ ಆ ತಂಡಕ್ಕೆ 'ಅಲೆಮಾರಿಗಳು' ಎಂಬ ಅರ್ಥದ ಆ ಹೆಸರು ಅನ್ವರ್ಥವೇ ಆಗಿತ್ತು. 1863ರಲ್ಲಿ ಫುಟ್ಬಾಲ್ ಅಸೋಸಿಯೇಷನ್ ಹುಟ್ಟಿದಾಗ ಜಾನ್ ಅದರ ಸಂಸ್ಥಾಪಕರಲ್ಲಿ ಒಬ್ಬರಾಗಿದ್ದರು. 1866ರಲ್ಲಿ ಚಾರ್ಲ್ಸ್ ಸಮಿತಿಗೆ ಬಂದರು. 1870ರಲ್ಲಿ ಗೌರವ ಕಾರ್ಯದರ್ಶಿಯಾದರು.

ಕಪ್‌ನ ಜನನ

ಆಗ ಅಸೋಸಿಯೇಷನ್ ಬಾಲ್ಯಾವಸ್ಥೆಯಲ್ಲಿತ್ತು. ಒಂದೊಂದು ಊರಿಗೆ ಒಂದೊಂದು ನಿಯಮ. ಕೆಲವರಿಗೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದೇ ಆಟ. ಇನ್ನು ಕೆಲವರಿಗೆ ಎದುರಾಳಿಯ ಕಾಲಿಗೆ ಒದೆಯುವುದೂ ಆಟದ ಭಾಗ. ಸಮಾನ ನಿಯಮವನ್ನು ಬರಿಯ ಸುತ್ತೋಲೆಯಿಂದ ಹೇರಲಾಗದು, ಎಲ್ಲರೂ ಆಸೆಪಡುವ ಬಹುಮಾನವೊಂದಿದ್ದರೆ ನಿಯಮ ತಾನಾಗಿಯೇ ಹರಡುತ್ತದೆ ಎಂಬುದನ್ನು ಆಲ್ಕಾಕ್ ಮನಗಂಡಿದ್ದರು.

1871ರ ಜುಲೈ 20ರಂದು ಲಂಡನ್‌ನ 'ಸ್ಪೋರ್ಟ್ಸ್‌ಮನ್' ಪತ್ರಿಕೆಯ ಕಚೇರಿಯಲ್ಲಿ ಸೇರಿದ ಸಭೆಯಲ್ಲಿ ಅವರು ತಮ್ಮ ಪ್ರಸ್ತಾಪ ಮುಂದಿಟ್ಟರು. ಸಭೆ ಒಪ್ಪಿಗೆ ನೀಡಿತು. ಸುಮಾರು 20 ಪೌಂಡ್ ವೆಚ್ಚದಲ್ಲಿ ಪುಟ್ಟದೊಂದು ಬೆಳ್ಳಿ ಕಪ್ ಸಿದ್ಧವಾಯಿತು. ಸ್ಕಾಟ್ಲೆಂಡಿನ ಕ್ವೀನ್ಸ್ ಪಾರ್ಕ್ ಕ್ಲಬ್ ತನ್ನ ಬಡತನದಲ್ಲೂ ಒಂದು ಗಿನಿಯನ್ನು ದೇಣಿಗೆಯಾಗಿ ನೀಡಿತು. ಮೊದಲ ವರ್ಷ ಹೆಸರು ನೋಂದಾಯಿಸಿದ್ದು ಕೇವಲ 15 ತಂಡಗಳು. ಅವುಗಳಲ್ಲೂ ಕೆಲವು ಆಡದೆಯೇ ಹಿಂದೆ ಸರಿದವು.

ವಾಂಡರರ್ಸ್ ಫೈನಲ್ ತಲುಪಿದ ಬಗೆಯೂ ವಿಚಿತ್ರವೇ. ಮೊದಲ ಸುತ್ತಿನಲ್ಲಿ ಎದುರಾಳಿ ತಂಡ ಬರಲೇ ಇಲ್ಲ. ಎರಡನೇ ಸುತ್ತಿನಲ್ಲಿ ಗೆಲುವು. ಮೂರನೆಯದರಲ್ಲಿ ಡ್ರಾ, ಇಬ್ಬರಿಗೂ ಮುಂದಿನ ಸುತ್ತಿಗೆ ಪ್ರವೇಶ. ಸೆಮಿಫೈನಲ್‌ನಲ್ಲಿ ಕ್ವೀನ್ಸ್ ಪಾರ್ಕ್ ವಿರುದ್ಧ ಮತ್ತೆ ಡ್ರಾ. ಮರುಪಂದ್ಯಕ್ಕಾಗಿ ಗ್ಲಾಸ್ಗೋದಿಂದ ಲಂಡನ್‌ಗೆ ಮತ್ತೊಮ್ಮೆ ಬರಲು ಕ್ವೀನ್ಸ್ ಪಾರ್ಕ್ ಬಳಿ ಹಣವಿರಲಿಲ್ಲ. ಹೀಗೆ ಒಂದೇ ಒಂದು ಗೆಲುವಿನೊಂದಿಗೆ ಆಲ್ಕಾಕ್ ನೇತೃತ್ವದ ತಂಡ ಫೈನಲ್‌ಗೆ ಬಂದಿತ್ತು.

1872ರ ಮಾರ್ಚ್ 16ರಂದು ಕೆನಿಂಗ್ಟನ್ ಓವಲ್ ಮೈದಾನದಲ್ಲಿ ನಡೆದ ಆ ಪ್ರಥಮ ಫೈನಲ್‌ಗೆ ಸೇರಿದ್ದವರು ಸುಮಾರು 2,000 ಮಂದಿ. ಪ್ರವೇಶ ದರ ಒಂದು ಶಿಲಿಂಗ್. ಸೇನೆಯ ರಾಯಲ್ ಎಂಜಿನಿಯರ್ಸ್ ತಂಡವೇ ಗೆಲ್ಲುವುದೆಂಬ ನಿರೀಕ್ಷೆಯಿತ್ತು. ಆದರೆ ಪಂದ್ಯದ ಆರಂಭದಲ್ಲೇ ಅದರ ಆಟಗಾರ ಕ್ರೆಸ್‌ವೆಲ್ ಅವರ ಕುತ್ತಿಗೆ ಬುಡದ ಎಲುಬು ಮುರಿಯಿತು. ಬದಲಿ ಆಟಗಾರರ ಪದ್ಧತಿ ಇಲ್ಲದ ಕಾಲವದು. ನೋವು ನುಂಗಿಕೊಂಡು ಅವರು ಕೊನೆಯವರೆಗೂ ಮೈದಾನದಲ್ಲೇ ಉಳಿದರು. ಗುಪ್ತನಾಮದಲ್ಲಿ ಆಡಿದ್ದ ಮಾರ್ಟನ್ ಬೆಟ್ಸ್ ಗಳಿಸಿದ ಏಕೈಕ ಗೋಲಿನಿಂದ ವಾಂಡರರ್ಸ್ ಗೆದ್ದಿತು. ಕಪ್‌ನ ಕಲ್ಪನೆ ನೀಡಿದವರೇ ನಾಯಕರಾಗಿ ಅದನ್ನು ಮೊದಲು ಸ್ವೀಕರಿಸಿದ್ದು ಕ್ರೀಡಾ ಇತಿಹಾಸದ ಅಪರೂಪದ ಘಟನೆಗಳಲ್ಲೊಂದು.

ಬಹುಮುಖ ಪ್ರತಿಭೆ

ಅದೇ 1872ರಲ್ಲಿ ಆಲ್ಕಾಕ್ ಸರ್ರೆ ಕೌಂಟಿ ಕ್ರಿಕೆಟ್ ಕ್ಲಬ್‌ನ ಕಾರ್ಯದರ್ಶಿಯೂ ಆದರು. ಓವಲ್ ಮೈದಾನ ಆ ಕ್ಲಬ್‌ನದೇ. ಆದ್ದರಿಂದಲೇ 1892ರವರೆಗೆ ಬಹುತೇಕ ಎಲ್ಲ ಫೈನಲ್‌ಗಳೂ ಅಲ್ಲಿಯೇ ನಡೆದವು.

ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳ ನಡುವೆ 1870ರಿಂದಲೇ ಪಂದ್ಯಗಳನ್ನು ಏರ್ಪಡಿಸಿ, ಅಂತಾರಾಷ್ಟ್ರೀಯ ಫುಟ್ಬಾಲ್‌ಗೆ ನಾಂದಿ ಹಾಡಿದವರೂ ಅವರೇ. 1872ರ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ಮೊದಲ ಅಧಿಕೃತ ಪಂದ್ಯ ನಡೆದಾಗ ಗಾಯದಿಂದಾಗಿ ಅವರು ಆಡಲಾಗಲಿಲ್ಲ. 1875ರಲ್ಲಿ ಸ್ಕಾಟ್ಲೆಂಡ್ ವಿರುದ್ಧ ಒಮ್ಮೆ ಮಾತ್ರ ಇಂಗ್ಲೆಂಡ್ ಪರ ಅಧಿಕೃತ ಪಂದ್ಯವಾಡಿ, ಗೋಲು ಗಳಿಸಿದರು.

ಕ್ರಿಕೆಟ್ ಪ್ರಿಯರೂ ಅವರಿಗೆ ಋಣಿಗಳು. ಇಂಗ್ಲೆಂಡ್ ನೆಲದಲ್ಲಿ ನಡೆದ ಮೊದಲ ಟೆಸ್ಟ್ ಪಂದ್ಯವನ್ನು 1880ರ ಸೆಪ್ಟೆಂಬರ್‌ನಲ್ಲಿ ಓವಲ್‌ನಲ್ಲಿ ಏರ್ಪಡಿಸಿದ್ದು ಆಲ್ಕಾಕ್. ಹಿಂದಿನ ವರ್ಷ ಸಿಡ್ನಿಯಲ್ಲಿ ಪ್ರೇಕ್ಷಕರ ದಾಂಧಲೆಗೆ ಸಿಲುಕಿ ಮುನಿಸಿಕೊಂಡಿದ್ದ ಲಾರ್ಡ್ ಹ್ಯಾರಿಸ್ ಅವರ ಮನವೊಲಿಸಿ, ಅವರನ್ನೇ ನಾಯಕರನ್ನಾಗಿಸಿದರು. ಡಬ್ಲ್ಯು.ಜಿ. ಗ್ರೇಸ್ 152 ರನ್ ಬಾರಿಸಿದ ಆ ಪಂದ್ಯದಲ್ಲಿ ಇಂಗ್ಲೆಂಡ್ ಆಸ್ಟ್ರೇಲಿಯಾವನ್ನು 5 ವಿಕೆಟ್‌ಗಳಿಂದ ಮಣಿಸಿತು. ಇವೆಲ್ಲದರ ನಡುವೆ ಆಲ್ಕಾಕ್ ಕ್ರೀಡಾ ಪತ್ರಕರ್ತರಾಗಿ ಫುಟ್ಬಾಲ್ ವಾರ್ಷಿಕ ಸಂಚಿಕೆಯನ್ನೂ, 1882ರಿಂದ 'ಕ್ರಿಕೆಟ್' ವಾರಪತ್ರಿಕೆಯನ್ನೂ ಸಂಪಾದಿಸುತ್ತಿದ್ದರು.

ಕಾರ್ಮಿಕರ ಕೈಗೆ ಕಪ್

ಮೊದಲ ದಶಕದಲ್ಲಿ ಕಪ್ ಸಿರಿವಂತ ಶಾಲೆಗಳ ಹಳೆ ವಿದ್ಯಾರ್ಥಿಗಳು, ಸೇನಾಧಿಕಾರಿಗಳ ಸೊತ್ತಾಗಿತ್ತು. ವಾಂಡರರ್ಸ್ ಐದು ಬಾರಿ ಗೆದ್ದಿತು. 1876ರಿಂದ ಸತತ ಮೂರು ವರ್ಷ ಗೆದ್ದಾಗ ನಿಯಮದಂತೆ ಕಪ್ ಶಾಶ್ವತವಾಗಿ ಅದರದ್ದಾಗಬೇಕಿತ್ತು. ಇನ್ನು ಮುಂದೆ ಯಾವ ತಂಡವೂ ಅದನ್ನು ಶಾಶ್ವತವಾಗಿ ಇಟ್ಟುಕೊಳ್ಳಬಾರದೆಂಬ ಷರತ್ತಿನೊಂದಿಗೆ ಕ್ಲಬ್ ಅದನ್ನು ಮರಳಿಸಿತು.

1883ರಲ್ಲಿ ಚಿತ್ರ ಬದಲಾಯಿತು. ಲ್ಯಾಂಕಾಶೈರ್‌ನ ನೇಕಾರರು, ಕಬ್ಬಿಣದ ಕಾರ್ಖಾನೆಯ ಕೆಲಸಗಾರರಿದ್ದ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ತಂಡ ಫೈನಲ್‌ನಲ್ಲಿ ಓಲ್ಡ್ ಇಟೋನಿಯನ್ಸ್ ತಂಡವನ್ನು 2-1ರಿಂದ ಸೋಲಿಸಿತು. ಉತ್ತರದ ಗಿರಣಿ ಪಟ್ಟಣಗಳಲ್ಲಿ ಆಟಗಾರರಿಗೆ ಗುಟ್ಟಾಗಿ ಹಣ ನೀಡುತ್ತಿದ್ದುದು ಎಲ್ಲರಿಗೂ ತಿಳಿದ ವಿಷಯವಾಗಿತ್ತು. 1884ರಲ್ಲಿ ಪ್ರೆಸ್ಟನ್ ತಂಡ ಇದನ್ನು ಬಹಿರಂಗವಾಗಿ ಒಪ್ಪಿಕೊಂಡು ಸ್ಪರ್ಧೆಯಿಂದ ಹೊರಬಿತ್ತು. ಉತ್ತರದ ಕ್ಲಬ್‌ಗಳು ಪ್ರತ್ಯೇಕ ಸಂಸ್ಥೆ ಕಟ್ಟುವ ಬೆದರಿಕೆ ಒಡ್ಡಿದವು. ಫುಟ್ಬಾಲ್ ಇಬ್ಭಾಗವಾಗುವ ಅಪಾಯ ಎದುರಾಯಿತು.

ಹ್ಯಾರೋದಲ್ಲಿ ಓದಿ, ಸಂಬಳವಿಲ್ಲದೆ ಆಡಿ ಬೆಳೆದ ಆಲ್ಕಾಕ್ ತಮ್ಮ ವರ್ಗದವರ ಪರ ನಿಲ್ಲುವರೆಂದೇ ಹಲವರು ಭಾವಿಸಿದ್ದರು. ಆದರೆ ಅವರು ವೃತ್ತಿಪರತೆಗೆ ಮಾನ್ಯತೆ ನೀಡಬೇಕೆಂದು ವಾದಿಸಿದರು. ಕದ್ದುಮುಚ್ಚಿ ಕೊಡುವ ಹಣಕ್ಕಿಂತ ಬಹಿರಂಗವಾಗಿ ಕೊಡುವ ಕೂಲಿ ಮೇಲು ಎಂಬುದು ಅವರ ನಿಲುವಾಗಿತ್ತು. ಕ್ರಿಕೆಟ್‌ನಲ್ಲಿ ವೃತ್ತಿಪರರೊಡನೆ ಒಡನಾಡಿದ್ದ ಅನುಭವವೂ ಅವರ ಬೆನ್ನಿಗಿತ್ತು. ಅಗತ್ಯ ಬಹುಮತ ದೊರೆಯದೆ ಪ್ರಸ್ತಾಪ ಬಿದ್ದುಹೋದರೂ ಅವರು ಪಟ್ಟು ಬಿಡಲಿಲ್ಲ. ಕೊನೆಗೆ 1885ರ ಜುಲೈ 20ರಂದು, ಕಪ್‌ನ ಪ್ರಸ್ತಾಪ ಮಂಡನೆಯಾದ ದಿನದಿಂದ ಸರಿಯಾಗಿ 14 ವರ್ಷಕ್ಕೆ, ವೃತ್ತಿಪರತೆ ಅಂಗೀಕೃತವಾಯಿತು. ಫುಟ್ಬಾಲ್ ಒಡೆಯದೆ ಉಳಿಯಿತು. ಆದರೆ ಅದರ ಬೆಲೆಯನ್ನು ಆಲ್ಕಾಕ್ ಪ್ರತಿನಿಧಿಸಿದ ಪರಂಪರೆಯೇ ತೆರಬೇಕಾಯಿತು. ವಾಂಡರರ್ಸ್ ಆ ವೇಳೆಗಾಗಲೇ ಮರೆಯಾಗಿತ್ತು. ಸಿರಿವಂತ ಶಾಲೆಗಳ ಹಳೆ ವಿದ್ಯಾರ್ಥಿಗಳ ತಂಡ ಮತ್ತೆಂದೂ ಕಪ್ ಗೆಲ್ಲಲಿಲ್ಲ.

ಅಂತಿಮ ದಿನಗಳು

25 ವರ್ಷಗಳ ಸೇವೆಯ ಬಳಿಕ 1895ರಲ್ಲಿ ಆಲ್ಕಾಕ್ ಕಾರ್ಯದರ್ಶಿ ಸ್ಥಾನದಿಂದ ನಿವೃತ್ತರಾದರು. ಕಾಕತಾಳೀಯವೆಂಬಂತೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಂನ ಅಂಗಡಿಯೊಂದರಲ್ಲಿ ಪ್ರದರ್ಶನಕ್ಕಿಟ್ಟಿದ್ದ ಮೂಲ ಕಪ್ ಕಳುವಾಯಿತು. ಅಂದಿನ ವಿಜೇತ ಆಸ್ಟನ್ ವಿಲ್ಲಾ ಕ್ಲಬ್ 25 ಪೌಂಡ್ ದಂಡ ತೆತ್ತಿತು. ಕಪ್ ಮಾತ್ರ ಮತ್ತೆ ಸಿಗಲೇ ಇಲ್ಲ.

ಆದರೆ ಅವರು ಹಚ್ಚಿದ ದೀಪ ಆರಲಿಲ್ಲ. 1901ರಲ್ಲಿ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ನಡೆದ ಫೈನಲ್‌ಗೆ 1.10 ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರು ನೆರೆದಿದ್ದರು. ಎರಡು ಸಾವಿರ ಮಂದಿಯ ಎದುರು ಆಡಿದ ಮೊದಲ ನಾಯಕ ಈ ಬೆಳವಣಿಗೆಯನ್ನು ಜೀವಿತಾವಧಿಯಲ್ಲೇ ಕಂಡರು. 1907ರ ಫೆಬ್ರವರಿ 26ರಂದು ಬ್ರೈಟನ್‌ನಲ್ಲಿ ನಿಧನರಾದಾಗಲೂ ಅವರು ಸರ್ರೆ ಕ್ಲಬ್‌ನ ಕಾರ್ಯದರ್ಶಿಯಾಗಿಯೇ ಇದ್ದರು. ಲಂಡನ್‌ನ ವೆಸ್ಟ್ ನಾರ್‌ವುಡ್ ರುದ್ರಭೂಮಿಯಲ್ಲಿ ಅವರ ಸಮಾಧಿಯಿದೆ.

ಕಪ್‌ನ ಕಲ್ಪನೆ ಕಡಲನ್ನೂ ದಾಟಿತು. 1888ರಲ್ಲಿ ಶಿಮ್ಲಾದಲ್ಲಿ ಡ್ಯುರಾಂಡ್ ಕಪ್, 1891ರಲ್ಲಿ ಮುಂಬೈಯಲ್ಲಿ ರೋವರ್ಸ್ ಕಪ್ ಆರಂಭವಾದವು. ಬ್ರಿಟಿಷ್ ಸೇನಾ ತಂಡಗಳ ಹಿಡಿತದಲ್ಲಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಮೊದಲ ಬಾರಿಗೆ ಗೆದ್ದ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಕಪ್ ಬೆಂಗಳೂರಿಗೇ ಬಂತು. ಒಂದು ದಿನದ ಮಟ್ಟಿಗೆ ಚಿಕ್ಕವನೂ ದೊಡ್ಡವನನ್ನು ಮಣಿಸಬಹುದೆಂಬ ಅವಕಾಶವನ್ನು ಆಲ್ಕಾಕ್ ರೂಪಿಸಿದ ಪದ್ಧತಿ ಇಂದಿಗೂ ತೆರೆದಿಟ್ಟಿದೆ.