ಒಂದು ಕಂಠ, ಹಲವು ಪಾತ್ರ: ಕೈಲಾಸಂ ಅವರ ಬಾಳು

ಬರೆದು ಹೆಸರಾದ ಸಾಹಿತಿಗಳು ನಮ್ಮ ನಾಡಿನಲ್ಲಿ ಅನೇಕರಿದ್ದಾರೆ. ಆಡಿ ಹೆಸರಾದವರು ವಿರಳ. ಆಡಿದ ಮಾತೇ ಸಾಹಿತ್ಯವಾಗಿ, ಆ ಸಾಹಿತ್ಯವೇ ಒಂದು ಯುಗದ ರಂಗಭೂಮಿಗೆ ತಿರುವು ಕೊಟ್ಟ ಉದಾಹರಣೆಯನ್ನು ಹುಡುಕಹೊರಟರೆ ಹೊಸಗನ್ನಡದಲ್ಲಿ ಮೊದಲು ನೆನಪಿಗೆ ಬರುವವರು ಟಿ. ಪಿ. ಕೈಲಾಸಂ. ಇಟಲಿಯಂಥ ದೇಶಗಳಲ್ಲಿ ಪರಭಾಷೆಯ ಚಿತ್ರಗಳಿಗೆ ದನಿ ಕೊಡುವುದು ಇಂದು ಪ್ರತಿಷ್ಠಿತವಾದೊಂದು ವೃತ್ತಿ. ನಮ್ಮಲ್ಲಿಯೂ ಆಕಾಶವಾಣಿ, ದೂರದರ್ಶನಗಳು ಬಂದ ಮೇಲೆ ಕಂಠವನ್ನೇ ಬಂಡವಾಳವಾಗಿಸಿಕೊಂಡ ಕಲಾವಿದರು ಮನೆಮಾತಾಗಿದ್ದಾರೆ. ಇಂಥ ಯಾವ ಯಂತ್ರದ ಹಂಗೂ ಇಲ್ಲದೆ, ಗೆಳೆಯರ ಮನೆಯ ನಡುಮನೆಯಲ್ಲಿ ಕುಳಿತು, ಒಂದೇ ಗಂಟಲಿನಿಂದ ಇಡೀ ಸಂಸಾರವನ್ನು ಮಾತನಾಡಿಸಿದ ಈ ಪುರುಷನ ಬಾಳು ವಿಚಾರ ಮಾಡತಕ್ಕದ್ದಾಗಿದೆ.

ಅವರು ಹುಟ್ಟಿದ್ದು 1884ರ ಜುಲೈ 29ರಂದು. ಮನೆಮಾತು ತಮಿಳು. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದ ಮುಖ್ಯ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದವರು, ವೇದವನ್ನೂ ರಾಮಾಯಣವನ್ನೂ ಭೂಮಿಶಾಸ್ತ್ರದ, ಭೂಗೋಳದ ಬೆಳಕಿನಲ್ಲಿ ವಿವೇಚಿಸಿ ಗ್ರಂಥಗಳನ್ನು ಬರೆದ ವಿದ್ವಾಂಸರು. ಮಗನೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸಿಗೆ ಹೋಗಿ ಭೂಗರ್ಭಶಾಸ್ತ್ರವನ್ನೇ ವ್ಯಾಸಂಗ ಮಾಡಿದನು. ಆದರೆ ಲಂಡನ್ನಿನ ನಾಟಕಶಾಲೆಗಳು ಆ ತರುಣನ ಮೇಲೆ ಬೀರಿದ ಪ್ರಭಾವ ಕಲ್ಲುಮಣ್ಣುಗಳ ವಿದ್ಯೆಗಿಂತ ಆಳವಾದದ್ದು. ಸಾಮಾನ್ಯ ಮನೆಯ ಸಾಮಾನ್ಯ ಮಂದಿ ತಮ್ಮ ಸಹಜವಾದ ಮಾತಿನಲ್ಲಿಯೇ ರಂಗದ ಮೇಲೆ ಬದುಕಬಹುದೆಂಬ ಅರಿವು ಅಲ್ಲಿ ಮೊಳೆಯಿತು. 1915ರಲ್ಲಿ ತಾಯ್ನಾಡಿಗೆ ಮರಳಿ, ಸಂಸ್ಥಾನದ ಭೂಗರ್ಭ ಇಲಾಖೆಯಲ್ಲಿ ಕೆಲವು ವರ್ಷ ಕೆಲಸ ಮಾಡಿ, ಕೈಲಾಸಂ ಆ ಉದ್ಯೋಗವನ್ನು ಬಿಟ್ಟರು. ಅಧಿಕಾರಿಯ ಮಗ ಅಧಿಕಾರಿಯೇ ಆಗಬೇಕೆಂಬ ಆ ಕಾಲದ ನಿರೀಕ್ಷೆಯನ್ನು ಕೈಬಿಟ್ಟು ನಡೆದವನಿಗೆ ಮುಂದೆ ನೆಲೆಯಾದ ಸಂಬಳವಾಗಲಿ ನೆಮ್ಮದಿಯ ಸಂಸಾರವಾಗಲಿ ಒದಗಲಿಲ್ಲ.

ಆಗಿನ ಕನ್ನಡ ರಂಗಭೂಮಿಯ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. ವರದಾಚಾರ್ಯರಂಥ ಮಹಾನಟರ ಕಂಪೆನಿಗಳು ಪೌರಾಣಿಕ ನಾಟಕಗಳನ್ನು ಹಾಡು, ಜರತಾರಿ, ಬಣ್ಣದ ಪರದೆಗಳ ವೈಭವದಲ್ಲಿ ಆಡುತ್ತಿದ್ದವು. ಅಲ್ಲಿ ರಾಜನೂ ದೂತನೂ ಒಂದೇ ಬಗೆಯ ಗ್ರಾಂಥಿಕ ಭಾಷೆಯಲ್ಲಿ ಮಾತನಾಡುತ್ತಿದ್ದರು. ಇತ್ತ ಬೆಂಗಳೂರಿನ ಜೀವನವೇ ಬದಲಾಗುತ್ತಿತ್ತು. 1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ತರುವಾಯ ಬಸವನಗುಡಿ ಮತ್ತು ಮಲ್ಲೇಶ್ವರ, ಹೀಗೆ ಹೊಸ ಬಡಾವಣೆಗಳು ಎದ್ದವು. ಮಾಮೂಲ್‌ಪೇಟೆಯಂಥ ಹಳೆಯ ಪೇಟೆಗಳಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಒಂದರ ಮಗ್ಗುಲಲ್ಲೊಂದು ಕೇಳಿಬರುತ್ತಿದ್ದರೆ, ಬಡಾವಣೆಗಳ ವಕೀಲರು, ಗುಮಾಸ್ತರು, ವಿದ್ಯಾರ್ಥಿಗಳು ಇವೆಲ್ಲದರ ಮೇಲೆ ಇಂಗ್ಲಿಷನ್ನೂ ಬೆರೆಸಿ ಹೊಸದೊಂದು ಆಡುನುಡಿಯನ್ನೇ ಹುಟ್ಟಿಸಿಕೊಂಡಿದ್ದರು. ಈ ನುಡಿಗೆ ರಂಗದ ಮೇಲೆ ಸ್ಥಾನವಿರಲಿಲ್ಲ, ಪುಸ್ತಕದಲ್ಲಿಯೂ ಇರಲಿಲ್ಲ. ಅದನ್ನು ಕಿವಿಗೊಟ್ಟು ಕೇಳಿದವರು ಕೈಲಾಸಂ.

1918ರ ‘ಟೊಳ್ಳುಗಟ್ಟಿ’ ನಮ್ಮ ಹೊಸ ಸಾಮಾಜಿಕ ನಾಟಕದ ಆರಂಭವೆಂದು ಎಣಿಸುವುದು ವಾಡಿಕೆ. ಪರೀಕ್ಷೆಯಲ್ಲಿ ಮೇಲುಗೈಯಾದ ಮಗನೊಬ್ಬ, ಓದಿನಲ್ಲಿ ಹಿಂದಾದರೂ ಮನೆಯವರ ಕಷ್ಟಕ್ಕೆ ಒದಗುವ ಮಗನೊಬ್ಬ. ಇವರಲ್ಲಿ ಟೊಳ್ಳು ಯಾರು, ಗಟ್ಟಿ ಯಾರು ಎಂಬುದೇ ಅಲ್ಲಿಯ ಪ್ರಶ್ನೆ. ಅನಂತರ ‘ಹೋಂರೂಲು’, ‘ಅಮ್ಮಾವ್ರ ಗಂಡ’, ‘ಪೋಲಿ ಕಿಟ್ಟಿ’, ‘ಬಹಿಷ್ಕಾರ’, ‘ಸೂಳೆ’ ಮೊದಲಾದವು ಬಂದವು. ‘ಬಂಡ್ವಾಳ್ವಿಲ್ಲದ ಬಡಾಯಿ’ಯ ಅಹೋಬ್ಲು ಎಂಬ ವಕೀಲನಂತೂ ಕೊಚ್ಚಿಕೊಳ್ಳುವವರಿಗೆಲ್ಲ ಅನ್ವರ್ಥನಾಮವಾದನು. 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ನಿನಂಥ ವಿಲಾಸಿ ಸಂಘಗಳಿಗೆ ಈ ನಾಟಕಗಳು ವರವಾಗಿ ಪರಿಣಮಿಸಿದವು. ಹತ್ತು ಪರದೆಗಳು ಬೇಡ, ಒಂದು ನಡುಮನೆ ಸಾಕು. ಸಂಗೀತದ ಸಿದ್ಧಿ ಬೇಡ, ಮಾತಿನ ಹದ ಸಾಕು.

ಆದರೆ ಈ ನಾಟಕಗಳು ರಚಿತವಾದ ಬಗೆ ಇನ್ನೂ ವಿಲಕ್ಷಣವಾದದ್ದು. ಕೈಲಾಸಂ ಮೇಜಿನ ಮುಂದೆ ಕುಳಿತು ಬರೆಯುವ ಜಾತಿಯವರಲ್ಲ. ನಾಟಕವೆಲ್ಲ ಅವರ ತಲೆಯಲ್ಲಿರುತ್ತಿತ್ತು. ಕೇಳುವವರು ಸೇರಿದರೆ ಗಂಡ, ಹೆಂಡತಿ, ಅತ್ತೆ, ಆಳು, ಹುಡುಗ, ಇಷ್ಟು ಮಂದಿಯ ದನಿಗಳನ್ನೂ ತಾವೇ ತಾಳಿ, ಇಡೀ ಕೃತಿಯನ್ನು ಅಭಿನಯಿಸಿ ಒಪ್ಪಿಸುತ್ತಿದ್ದರು. ಬಿ. ಎಸ್. ರಾಮರಾಯರಂಥ ಅಭಿಮಾನಿಗಳು ತಾಳ್ಮೆಯಿಂದ ಬರೆದುಕೊಂಡು ಅಚ್ಚಿಗೆ ತಂದದ್ದರಿಂದ ನಮಗೆ ಅವು ಉಳಿದಿವೆ. ಬರೆದುಕೊಳ್ಳುವ ಕೈ ಪಕ್ಕದಲ್ಲಿಲ್ಲದ ಹೊತ್ತಿನಲ್ಲಿ ಆಡಿದ್ದು ಕೇಳಿದವರ ನೆನಪಿನೊಂದಿಗೇ ಮುಗಿಯಿತು.

ಮಾತೇ ಪ್ರಾಣವಾದ ಈ ನಟನು ಮಾತೇ ಇಲ್ಲದ ಚಿತ್ರವೊಂದರಲ್ಲಿ ಪಾತ್ರ ವಹಿಸಿದ್ದು ಕಾಲದ ಒಂದು ವಿನೋದ. ಮೂಕಿಚಿತ್ರಗಳ ಕೊನೆಯ ವರ್ಷಗಳಲ್ಲಿ ಮೋಹನ ಭವನಾನಿಯವರು ಶೂದ್ರಕನ ‘ಮೃಚ್ಛಕಟಿಕ’ವನ್ನು ಆಧರಿಸಿ ತೆಗೆದ ಚಿತ್ರದಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರೊಡನೆ ಕೈಲಾಸಂ ಕಾಣಿಸಿಕೊಂಡರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬಂದಿತು. ಮರುವರ್ಷ, 1935ರಲ್ಲಿ, ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದರು. ಕಂಠವನ್ನು ದೂರಕ್ಕೆ ಸಾಗಿಸುವ ಸಾಧನಗಳು ನಮ್ಮ ನಾಡಿಗೆ ಕಾಲಿಡುವ ವೇಳೆಗೆ ಕೈಲಾಸಂ ಐವತ್ತನ್ನು ಮುಟ್ಟಿದ್ದರು.

ಅವರ ಕನ್ನಡವನ್ನು ಕುರಿತು ಆಕ್ಷೇಪಗಳು ಕಡಮೆಯಿಲ್ಲ. ಇಂಗ್ಲಿಷನ್ನು ಬೆರೆಸಿ ಭಾಷೆಯನ್ನು ಕೆಡಿಸಿದರೆಂಬುದು ಅವುಗಳಲ್ಲಿ ಮುಖ್ಯವಾದದ್ದು. ಕಾಲೇಜಿನಲ್ಲಿ ಕನ್ನಡ ಬೋಧಿಸುವ ನನಗೆ ಈ ಆಕ್ಷೇಪ ಪೂರ್ತಿ ಒಪ್ಪಿಗೆಯಾಗದು. ಬೆರಕೆಯನ್ನು ಅವರು ಎಲ್ಲ ಪಾತ್ರಗಳಿಗೂ ಸಮನಾಗಿ ಹಂಚಲಿಲ್ಲ. ಯಾವನು ಎಷ್ಟು ಇಂಗ್ಲಿಷಾಡುತ್ತಾನೆ, ಯಾವ ಗಳಿಗೆಯಲ್ಲಿ ಅದನ್ನು ಬಿಟ್ಟು ಮನೆಮಾತಿಗೆ ಇಳಿಯುತ್ತಾನೆ ಎಂಬುದರಿಂದಲೇ ಅವನ ಟೊಳ್ಳು ಗಟ್ಟಿಗಳು ಬಯಲಾಗುತ್ತವೆ. ಹೆಂಗಸರ ಮಾತಿನಲ್ಲಂತೂ ಕನ್ನಡದ ಸೊಗಸು ಎದ್ದು ಕಾಣುತ್ತದೆ. ಇದು ಭಾಷೆಯನ್ನು ಕೆಡಿಸಿದ ಕೆಲಸವಲ್ಲ, ಪರೀಕ್ಷಿಸಿದ ಕೆಲಸ. ಆದರೆ ಇನ್ನೊಂದು ಮಾತನ್ನು ಒಪ್ಪಲೇಬೇಕು. ಆ ಬೆರಕೆಯ ಹುರುಳು ಉಚ್ಚಾರಣೆಯಲ್ಲಿದೆ. ಇದೇ ನಾಟಕವನ್ನು ಮನಸ್ಸಿನಲ್ಲಿ ಓದಿಕೊಳ್ಳಲು ಹೇಳಿದರೆ ನನ್ನ ವಿದ್ಯಾರ್ಥಿಗಳು ತಡವರಿಸುತ್ತಾರೆ. ನಾಲ್ವರನ್ನು ನಿಲ್ಲಿಸಿ ಗಟ್ಟಿಯಾಗಿ ಓದಿಸಿದರೆ ಹಿಂದಿನ ಬೆಂಚೂ ನಗುತ್ತದೆ, ನಕ್ಕ ಮೇಲೆ ಸುಮ್ಮನಾಗುತ್ತದೆ. ಆ ನಗುವಿನ ಅಡಿಯಲ್ಲಿ ಸಾಮಾನ್ಯವಾಗಿ ಒಬ್ಬ ಹೆಂಗಸಿನ ಅಥವಾ ಅಸಹಾಯಕನ ಅಳು ಇರುತ್ತದೆ.

ಹಾಸ್ಯಗಾರನೆಂಬ ಹಣೆಪಟ್ಟಿಗೆ ಅವರು ತೃಪ್ತರಾಗಿರಲಿಲ್ಲವೆಂಬುದಕ್ಕೆ ಇಂಗ್ಲಿಷ್ ನಾಟಕಗಳೇ ಸಾಕ್ಷಿ. ‘ದಿ ಬರ್ಡನ್’ನಲ್ಲಿ ಭರತ, ‘ದಿ ಪರ್ಪಸ್’ನಲ್ಲಿ ಏಕಲವ್ಯ, ಮುಂದೆ ಕರ್ಣ, ಮಹಾಕಾವ್ಯಗಳ ನೊಂದ ಜೀವಗಳೇ ಅಲ್ಲಿ ನಾಯಕರು. ನಡುಮನೆಯನ್ನು ಇಂಗ್ಲಿಷ್ ಬೆರೆತ ಕನ್ನಡದಲ್ಲಿ ನಗಿಸಿದವರು ಪುರಾಣವನ್ನು ಗಂಭೀರವಾದ ಇಂಗ್ಲಿಷಿನಲ್ಲಿ ಹಾಡಿದರು. ಹುಟ್ಟಿದ ಜಾತಿಯ ಕಾರಣದಿಂದ ವಿದ್ಯೆಗೆ ಎರವಾದ ಬೇಡರ ಹುಡುಗನ ಸಂಕಟವೂ ‘ಬಹಿಷ್ಕಾರ’ಕ್ಕೆ ಗುರಿಯಾದ ಸಂಸಾರದ ಸಂಕಟವೂ ಒಂದೇ ಹೃದಯದಿಂದ ಹೊಮ್ಮಿದವು.

1945ರಲ್ಲಿ ಮದರಾಸಿನಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ತಾವು ವಿಜ್ಞಾನದ ವಿದ್ಯಾರ್ಥಿಯಾಗಿದ್ದ ಊರಿಗೆ, ತಮಿಳು ಮನೆಯಲ್ಲಿ ಹುಟ್ಟಿದವರು ಕನ್ನಡದ ಪ್ರತಿನಿಧಿಯಾಗಿ ಹೋದದ್ದು ಕನ್ನಡಿಗರಿಗೂ ಗೌರವದ ಸಂಗತಿ. ಮರುವರ್ಷ, 1946ರ ನವೆಂಬರಿನಲ್ಲಿ, ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ಕುಡಿತ, ಅವ್ಯವಸ್ಥೆ, ಗೆಳೆಯರ ಆಸರೆಯ ದಿನಗಳು, ಇವನ್ನು ಮರೆಮಾಚಿ ಅವರನ್ನು ಸಾಧುವನ್ನಾಗಿ ಮಾಡಬೇಕಾಗಿಲ್ಲ. ಹಾಗೆಯೇ ಅವನ್ನು ರಂಜಕವಾದ ದಂತಕಥೆಗಳನ್ನಾಗಿ ಹೇಳಿ ಹೇಳಿ ಕೃತಿಗಳನ್ನು ಮರೆಯುವುದೂ ಸಲ್ಲದು. ಕೈಲಾಸಂ ಹೆಸರಿನಲ್ಲಿ ಹಬ್ಬಿರುವ ಚಟಾಕಿಗಳನ್ನು ಬಲ್ಲವರಲ್ಲಿ ಎಷ್ಟೋ ಮಂದಿ ಅವರ ಒಂದು ನಾಟಕವನ್ನಾದರೂ ಪೂರ್ತಿ ಓದಿರುವುದಿಲ್ಲ.

ದನಿಯ ಕಲೆ ಕಲಾವಿದನೊಡನೆ ಸಾಯುತ್ತದೆಂದು ಹೇಳುವುದು ರೂಢಿ. ಅಚ್ಚಿನ ಪುಟದಲ್ಲಿ ಕೈಲಾಸಂ ಅವರ ಕಂಠವಿಲ್ಲ ನಿಜ. ಆದರೆ ಅವರು ಬರೆಯಿಸಿದ ನುಡಿ ಒತ್ತಕ್ಷರಗಳನ್ನು ನುಂಗಿ, ಸ್ವರಗಳನ್ನು ಹಾರಿಸಿ, ನಾವು ಹೇಗೆ ಉಚ್ಚರಿಸಬೇಕೆಂಬುದನ್ನು ತಾನೇ ತೋರಿಸಿಕೊಡುತ್ತದೆ. ಕಣ್ಣಿಗೆ ಒರಟಾಗಿ ಕಾಣುವ ಆ ಕಾಗುಣಿತವನ್ನು ಸ್ವರಲಿಪಿಯೆಂದು ತಿಳಿಯಬೇಕು. ಅಧ್ಯಾಪಕರು ತರಗತಿಗಳಲ್ಲಿ, ತಾಯ್ತಂದೆಗಳು ಮನೆಗಳಲ್ಲಿ ಈ ನಾಟಕಗಳನ್ನು ಬಾಯಿಬಿಟ್ಟು ಓದುವ ಪದ್ಧತಿ ಬೆಳೆಯಲಿ. ಕೇಳುವ ಕಿವಿಗಳು ನಾಲ್ಕೇ ಇದ್ದರೂ ಸಾಕು. ಅವರಿಗೂ ಅನೇಕ ಸಂಜೆಗಳಲ್ಲಿ ಅಷ್ಟೇ ಸಾಕಾಗಿತ್ತು.