ರೈಸ್ ಅವರ ತಾಲ್ಲೂಕು ಸಂಖ್ಯೆಗಳು ಮತ್ತು ಇಂದಿನ ತಂತ್ರಾಂಶ

ಸಂಶೋಧನಾ ಟಿಪ್ಪಣಿಗಳನ್ನು ಜೋಡಿಸಿಡಲು ಸುಲಭವಾದ ತಂತ್ರಾಂಶ ಯಾವುದು ಎಂಬ ಪ್ರಶ್ನೆ ಇಂದು ಪಿಎಚ್.ಡಿ.ಗೆ ನೋಂದಾಯಿಸಿಕೊಂಡ ಬಹುತೇಕರನ್ನು ಕಾಡುತ್ತಿದೆ. ಸರ್ಕಾರಿ ಸೇವೆಯಿಂದ ನಿವೃತ್ತನಾದ ಮೇಲೆ ಕಾವೇರಿ ಬಯಲಿನ ಕೆರೆ ಕಾಲುವೆಗಳ ಆರ್ಥಿಕ ಇತಿಹಾಸವನ್ನು ಪ್ರಬಂಧದ ವಿಷಯವನ್ನಾಗಿ ಆರಿಸಿಕೊಂಡ ನನ್ನನ್ನೂ ಅದು ಬಿಟ್ಟಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಶಾಸನಗಳು, ಗ್ಯಾಸೆಟಿಯರ್‌ಗಳು, ಕಂದಾಯ ವರದಿಗಳಿಂದ ತೆಗೆದ ಟಿಪ್ಪಣಿಗಳು ಬೆಳೆದಂತೆಲ್ಲ ತಂತ್ರಾಂಶಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಯಾವುದನ್ನು ಆರಿಸಬೇಕೆಂಬ ವಿವೇಕವನ್ನು ಕೊಟ್ಟವರು ಮಾತ್ರ ಗಣಕಯಂತ್ರದ ಯುಗಕ್ಕೂ ಮುಂಚೆ, 1927ರಲ್ಲಿ ತೀರಿಕೊಂಡ ಬೆಂಜಮಿನ್ ಲೂಯಿಸ್ ರೈಸ್.

ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲಿ. ತಂದೆ ಲಂಡನ್ ಮಿಷನ್‌ನ ಪಾದ್ರಿ. ಇಂಗ್ಲೆಂಡಿನಲ್ಲಿ ಓದು ಮುಗಿಸಿ 1860ರಲ್ಲಿ ಹಿಂದಿರುಗಿದ ಅವರು ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಅದೇ ಶಾಲೆ ಮುಂದೆ ಸೆಂಟ್ರಲ್ ಕಾಲೇಜಾಯಿತು. ಐದು ವರ್ಷಗಳ ತರುವಾಯ ಶಾಲಾ ತನಿಖಾಧಿಕಾರಿ, ಅನಂತರ ವಿದ್ಯಾ ಇಲಾಖೆಯ ನಿರ್ದೇಶಕರು. ತನಿಖೆಗಾಗಿ ಸಂಸ್ಥಾನವನ್ನು ಸುತ್ತುವಾಗ ಗುಡಿಗಳ ಮುಂದೆ, ಹೊಲಗಳ ಅಂಚಿನಲ್ಲಿ ನಿಂತ ಶಾಸನಗಳು ಅವರ ಗಮನ ಸೆಳೆದವು. ಮೇಜರ್ ಡಿಕ್ಸನ್ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಸರ್ಕಾರ ಅವರಿಗೆ ಒಪ್ಪಿಸಿತು. 1879ರಲ್ಲಿ ಅವುಗಳ ಅನುವಾದ ಪುಸ್ತಕವಾಗಿ ಬಂದಿತು. ಈ ನಡುವೆ ಮೈಸೂರು ಮತ್ತು ಕೊಡಗಿನ ಗ್ಯಾಸೆಟಿಯರ್ ರಚನೆಯೂ ಅವರ ಪಾಲಿಗೆ ಬಂದಿತ್ತು. 1885ರಲ್ಲಿ ಪ್ರಾಕ್ತನ ಸಂಶೋಧನೆಯ ಹೊಣೆಯನ್ನು ಹೊತ್ತರು. 1890ರಿಂದ ಅದೇ ಅವರ ಪೂರ್ಣಾವಧಿಯ ಕೆಲಸವಾಯಿತು. 1886ರಿಂದ 1905ರ ನಡುವೆ ಹೊರಬಂದ ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳಲ್ಲಿ ಸುಮಾರು 9000 ಶಾಸನಗಳಿವೆ.

ಈ ಸಾಧನೆಯನ್ನು ಪಾಂಡಿತ್ಯದ ಫಲವೆಂದು ಎಲ್ಲರೂ ಹೊಗಳುತ್ತಾರೆ. ಕಡತಗಳ ನಡುವೆ ಬಾಳಿದ ನನಗೆ ಅದರಲ್ಲಿ ಎದ್ದು ಕಾಣುವುದು ಒಬ್ಬ ದಕ್ಷ ಅಧಿಕಾರಿಯ ಕ್ರಮಬದ್ಧತೆ. ಸಾವಿರಾರು ಶಾಸನಗಳನ್ನು ಯಾವ ಅನುಕ್ರಮದಲ್ಲಿ ಇಡಬೇಕು? ರಾಜವಂಶದ ಪ್ರಕಾರ ಇಟ್ಟರೆ ವಂಶ ತಿಳಿಯದ ಶಾಸನ ಎಲ್ಲಿ ಹೋಗಬೇಕು? ಕಾಲದ ಪ್ರಕಾರ ಇಟ್ಟರೆ ಕಾಲನಿರ್ಣಯ ಬದಲಾದಾಗಲೆಲ್ಲ ಅನುಕ್ರಮವೇ ಕೆಡುತ್ತದೆ. ಶಾಸನದ ಬಗ್ಗೆ ಖಚಿತವಾಗಿ ಹೇಳಬಹುದಾದ ಸಂಗತಿಯೆಂದರೆ ಅದು ಸಿಕ್ಕಿದ ಊರು. ರೈಸ್ ಅದನ್ನೇ ಆಧಾರ ಮಾಡಿಕೊಂಡರು. ಜಿಲ್ಲೆಗೊಂದು ಸಂಪುಟ ಅಥವಾ ಭಾಗ, ಅದರೊಳಗೆ ತಾಲ್ಲೂಕು, ತಾಲ್ಲೂಕಿನ ಹೆಸರಿನ ಸಂಕ್ಷೇಪಾಕ್ಷರ, ಅದರ ಮುಂದೊಂದು ಸಂಖ್ಯೆ. ಶ್ರೀರಂಗಪಟ್ಟಣದ ಶಾಸನಗಳು 1894ರ ಮೂರನೆಯ ಸಂಪುಟದಲ್ಲಿ, ಕೃಷ್ಣರಾಜಪೇಟೆ ಮತ್ತು ನಾಗಮಂಗಲದವು 1898ರ ನಾಲ್ಕನೆಯ ಸಂಪುಟದಲ್ಲಿ ಹೀಗೆ ನೆಲೆ ಕಂಡವು.

ಸ್ಥಳಾನುಕ್ರಮವೊಂದೇ ಇದ್ದಿದ್ದರೆ ಇತಿಹಾಸಕಾರನಿಗೆ ಪ್ರಯೋಜನ ಕಡಿಮೆ. ಆದ್ದರಿಂದ ಶಾಸನಗಳನ್ನು ಕಾಲಾನುಕ್ರಮದಲ್ಲಿ ವರ್ಗೀಕರಿಸಿದ ಪಟ್ಟಿಯನ್ನೂ ಅವರು ಕೊಟ್ಟರು. ಮೂಲ ಒಂದೇ ಕಡೆ ಇರುತ್ತದೆ. ಪಟ್ಟಿ ಅದರ ಸಂಖ್ಯೆಯನ್ನಷ್ಟೇ ಸೂಚಿಸುತ್ತದೆ. ಕಾಲನಿರ್ಣಯ ತಪ್ಪೆಂದು ನಾಳೆ ಸಿದ್ಧವಾದರೆ ಪಟ್ಟಿಯನ್ನು ತಿದ್ದಬಹುದು, ಮೂಲವನ್ನು ಅಲುಗಾಡಿಸಬೇಕಿಲ್ಲ. ಇಂದಿನ ದತ್ತಸಂಚಯಗಳು ಅನುಸರಿಸುವ ತತ್ತ್ವವೂ ಇದಕ್ಕಿಂತ ಬೇರೆಯಲ್ಲ.

ಈ ವ್ಯವಸ್ಥೆಯ ಬಲ ಗೊತ್ತಾಗುವುದು ಆಡಳಿತದ ಗಡಿಗಳು ಬದಲಾದಾಗ. ಪಾಂಡವಪುರ ಎಂಬ ತಾಲ್ಲೂಕು ರೈಸ್ ಅವರ ಸಂಪುಟಗಳಲ್ಲಿಲ್ಲ. ಫ್ರೆಂಚ್ ರಾಕ್ಸ್ ಎಂದೂ ಹಿರೋಡೆ ಎಂದೂ ಕರೆಸಿಕೊಳ್ಳುತ್ತಿದ್ದ ಆ ಪ್ರದೇಶದ ತೊಣ್ಣೂರಿನ ಶಾಸನಗಳಿಗೆ ಶ್ರೀರಂಗಪಟ್ಟಣದ ಸಂಖ್ಯೆಗಳಿವೆ. ಮಂಡ್ಯ ಜಿಲ್ಲೆ ರಚನೆಯಾದದ್ದು 1939ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ಹೊರತಂದಾಗ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳು ಆರನೆಯ ಸಂಪುಟಕ್ಕೂ ನಾಗಮಂಗಲ ಏಳನೆಯದಕ್ಕೂ ಸೇರಿದವು. ಹೊಸ ಸಂಖ್ಯೆಗಳ ಜೊತೆಗೆ ರೈಸ್ ಅವರ ಹಳೆಯ ಸಂಖ್ಯೆಗಳನ್ನೂ ಸಂಪಾದಕರು ನಮೂದಿಸಿದರು. ನೂರು ವರ್ಷ ಹಿಂದಿನ ಲೇಖನದ ಅಡಿಟಿಪ್ಪಣಿಯನ್ನು ಹಿಡಿದು ಇಂದಿಗೂ ಮೂಲ ಶಾಸನವನ್ನು ತಲುಪಬಹುದು.

ಇನ್ನೊಂದು ಗುಣ ಇದಕ್ಕಿಂತ ದೊಡ್ಡದು. ಶಾಸನದ ಪಾಠವನ್ನು ಅವರು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಅಚ್ಚು ಮಾಡಿಸಿದರು. ಅನುವಾದವನ್ನು ಬೇರೆಯಾಗಿ, ತಮ್ಮ ಅಭಿಪ್ರಾಯವನ್ನು ಪೀಠಿಕೆಯಲ್ಲಿ ಇಟ್ಟರು. ಶ್ರೀರಂಗಪಟ್ಟಣ 147 ಮತ್ತು 148ನೆಯ ಶಾಸನಗಳನ್ನು ನೋಡಿ. ಸುಮಾರು ಕ್ರಿ.ಶ. 900ರ ಈ ಶಾಸನಗಳು ಕಳ್ಬಪ್ಪು ಬೆಟ್ಟದ ಮೇಲಿನ ಭದ್ರಬಾಹು ಮತ್ತು ಚಂದ್ರಗುಪ್ತ ಮುನಿಗಳ ಪಾದಚಿಹ್ನೆಗಳನ್ನು ಪ್ರಸ್ತಾಪಿಸುತ್ತವೆ. ಮೌರ್ಯ ಚಂದ್ರಗುಪ್ತ ಶ್ರವಣಬೆಳಗೊಳಕ್ಕೆ ಬಂದಿದ್ದನೆಂಬ ವಾದಕ್ಕೆ ಇವು ಆಧಾರವೆಂದು ರೈಸ್ ನಂಬಿದ್ದರು. ಆ ಐತಿಹ್ಯವನ್ನು ಜೆ.ಎಫ್. ಫ್ಲೀಟ್ ಒಪ್ಪಲಿಲ್ಲ. ಗಂಗರ ಕೆಲವು ತಾಮ್ರಪಟಗಳ ಬಗೆಗೂ ಇಬ್ಬರಿಗೂ ತೀವ್ರ ಭಿನ್ನಾಭಿಪ್ರಾಯವಿತ್ತು. ರೈಸ್ ಅವರ ಎಲ್ಲ ತೀರ್ಮಾನಗಳೂ ಕಾಲದ ಪರೀಕ್ಷೆಯಲ್ಲಿ ಉಳಿದಿಲ್ಲ. ಆದರೂ ಅವರ ಸಂಪುಟಗಳು ಉಳಿದಿವೆ. ಅವರನ್ನು ಖಂಡಿಸಲು ಬೇಕಾದ ಸಾಕ್ಷ್ಯವನ್ನೂ ಅವರೇ ಒದಗಿಸಿಟ್ಟಿದ್ದರು.

1911ರಲ್ಲಿ ಕನ್ನಂಬಾಡಿಯ ಅಣೆಕಟ್ಟಿನ ಕೆಲಸ ಆರಂಭವಾಯಿತು. ಮುಂದಿನ ಎರಡು ದಶಕಗಳಲ್ಲಿ ಕೃಷ್ಣರಾಜಸಾಗರ ತುಂಬಿ, ಆ ಊರೂ ಸೇರಿದಂತೆ ಹಲವು ಗ್ರಾಮಗಳು ಜಲಾವೃತವಾದವು. ಈ ತಾಲ್ಲೂಕುಗಳ ಶಾಸನಗಳು ಅದಕ್ಕೂ ಮೊದಲೇ ಅಚ್ಚಾಗಿದ್ದವು. ಮೂಲವನ್ನು ಮತ್ತೆ ನೋಡಬಹುದೆಂಬ ಭರವಸೆಯಿಂದ ಅರೆಬರೆ ಟಿಪ್ಪಣಿ ಮಾಡುವವರು ಈ ಜಲಾಶಯವನ್ನು ಒಮ್ಮೆ ನೆನೆಯಬೇಕು.

1906ರಲ್ಲಿ ರೈಸ್ ನಿವೃತ್ತರಾದಾಗ ಅವರ ಸ್ಥಾನಕ್ಕೆ ಬಂದವರು ಇಂದಿನ ಮಂಡ್ಯ ಜಿಲ್ಲೆಯಲ್ಲೇ ಹುಟ್ಟಿದ, ಕರ್ಣಾಟಕ ಕವಿಚರಿತೆಯನ್ನು ರಚಿಸಿದ ಆರ್. ನರಸಿಂಹಾಚಾರ್ಯರು. ಸಾಮಗ್ರಿ ಕ್ರಮವಾಗಿದ್ದುದರಿಂದ ಕೆಲಸ ನಿಲ್ಲಲಿಲ್ಲ. 1923ರಲ್ಲಿ ಶ್ರವಣಬೆಳಗೊಳ ಸಂಪುಟದ ಪರಿಷ್ಕೃತ ಆವೃತ್ತಿಯನ್ನು ಅವರು ಹೊರತಂದರು. ರೈಸ್ ಇಂಗ್ಲೆಂಡಿಗೆ ಮರಳಿ, 1909ರಲ್ಲಿ ತಮ್ಮ ಶಾಸನಾಧ್ಯಯನದ ಸಾರವನ್ನು ಒಂದು ಗ್ರಂಥವಾಗಿ ಪ್ರಕಟಿಸಿದರು. ದಶಕಗಳ ಟಿಪ್ಪಣಿ ಮೊದಲು, ಗ್ರಂಥ ಆಮೇಲೆ.

ಇನ್ನು ತಂತ್ರಾಂಶದ ಮಾತು. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಪ್ರತಿ ಟಿಪ್ಪಣಿಗೂ ಎರಡು ವೆಚ್ಚಗಳಿವೆ: ಬರೆದಿಡುವ ವೆಚ್ಚ, ಹುಡುಕಿ ತೆಗೆಯುವ ವೆಚ್ಚ. ಬಳಕೆಗೆ ಸುಲಭವೆಂದು ಮಾರಾಟವಾಗುವ ಹಲವು ತಂತ್ರಾಂಶಗಳು ಮೊದಲನೆಯದನ್ನು ಇಳಿಸಿ ಎರಡನೆಯದನ್ನು ಮುಂದಕ್ಕೆ ತಳ್ಳುತ್ತವೆ. ನಾನು ನೋಡಿದ ಒಂದು ತಂತ್ರಾಂಶದಲ್ಲಿ ಟಿಪ್ಪಣಿ ಸೇರಿಸುವುದು ಉಚಿತ, ಎಲ್ಲವನ್ನೂ ಒಟ್ಟಿಗೆ ಹೊರತೆಗೆಯಲು ಮಾತ್ರ ಚಂದಾ ಕಟ್ಟಬೇಕಿತ್ತು. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಕನ್ನಡದ ತೊಡಕು ಬೇರೆ; ಆ ಅಕ್ಷರವಿನ್ಯಾಸ ಇಲ್ಲದ ಗಣಕದಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳ ಸಾಲು.

ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಪ್ರತಿ ಟಿಪ್ಪಣಿಗೂ ಬದಲಾಗದ ಒಂದು ಸಂಖ್ಯೆ ಕೊಡಬಹುದೇ? ಒಂದೇ ಟಿಪ್ಪಣಿಯನ್ನು ಊರು, ಕಾಲ, ವಿಷಯ ಮೂರರಿಂದಲೂ ತಲುಪಬಹುದೇ? ಮೂಲದ ಮಾತು ಮತ್ತು ನನ್ನ ಅಭಿಪ್ರಾಯ ಬೇರೆ ಬೇರೆಯಾಗಿ ಉಳಿಯುತ್ತವೆಯೇ? ಯೂನಿಕೋಡ್ ಕನ್ನಡದಲ್ಲಿ ಎಲ್ಲವನ್ನೂ ಹೊರತೆಗೆದು ಇನ್ನೊಬ್ಬರಿಗೆ ಒಪ್ಪಿಸಬಹುದೇ? 2006ರಿಂದ ಉಚಿತವಾಗಿ ದೊರೆಯುತ್ತಿರುವ ಜೊಟೆರೊ ಈ ಪರೀಕ್ಷೆಯಲ್ಲಿ ಬಹುಮಟ್ಟಿಗೆ ತೇರ್ಗಡೆಯಾಗುತ್ತದೆ. ತಾಲ್ಲೂಕು ಮತ್ತು ಸಂಖ್ಯೆಯನ್ನು ಶೀರ್ಷಿಕೆಯಲ್ಲಿ ನಮೂದಿಸುವ ಶಿಸ್ತು ಮಾತ್ರ ನಮ್ಮದಾಗಿರಬೇಕು. ಶಿಸ್ತು ಇರುವವರಿಗೆ ಸಾಮಾನ್ಯ ಕೋಷ್ಟಕವೂ ಸಾಕು.

ನಮ್ಮ ವಿಶ್ವವಿದ್ಯಾನಿಲಯಗಳು ಪ್ರಬಂಧವನ್ನು ಪರೀಕ್ಷಿಸುತ್ತವೆ, ಅದರ ಹಿಂದಿನ ಟಿಪ್ಪಣಿಗಳನ್ನು ಕೇಳುವುದು ಅಪರೂಪ. ಪದವಿ ಬಂದೊಡನೆ ಎಷ್ಟೋ ವರ್ಷಗಳ ಕ್ಷೇತ್ರಕಾರ್ಯ ಕಪಾಟು ಸೇರುತ್ತದೆ. ಪ್ರಬಂಧದೊಡನೆ ಟಿಪ್ಪಣಿಗಳ ಕ್ರಮಬದ್ಧ ಪ್ರತಿಯನ್ನೂ ಗ್ರಂಥಾಲಯಕ್ಕೆ ಒಪ್ಪಿಸುವ ನಿಯಮ ಬಂದರೆ ಮುಂದಿನ ಸಂಶೋಧಕ ಮೊದಲಿನಿಂದ ಆರಂಭಿಸಬೇಕಾಗಿಲ್ಲ. ರೈಸ್ ಅವರನ್ನು ಶಾಸನ ಪಿತಾಮಹರೆಂದು ಗೌರವಿಸುವ ನಾಡು ಅವರ ಈ ಕ್ರಮವನ್ನೂ ಅನುಸರಿಸಬಹುದು.