ಮಾಯುವ ಗಾಯದ ಗಣಿತ

ಪಿಯೆರ್ ಲಕೋಂತ್ ದು ನೂಯಿ ಎಂಬ ಫ್ರೆಂಚ್ ವಿಜ್ಞಾನಿಯ ಹೆಸರನ್ನು ಕೇಳಿದವರಲ್ಲಿ ಬಹುಮಂದಿ ಅವರನ್ನು, ಮಾನವನ ಭವಿತವ್ಯವನ್ನು ಕುರಿತು 1947ರಲ್ಲಿ ಪ್ರಕಟವಾದ ಗ್ರಂಥದ ಕರ್ತೃವೆಂದೇ ಬಲ್ಲರು. ಆ ಗ್ರಂಥದ ತತ್ತ್ವವಿಚಾರಕ್ಕಿಂತ, ಸೈನಿಕರ ಗಾಯಗಳನ್ನು ಕುರಿತು ಅವರು ಹಾಕಿದ ಲೆಕ್ಕವೇ ಹೆಚ್ಚು ಬೆಲೆಯುಳ್ಳದ್ದೆಂದು ನನ್ನ ಎಣಿಕೆ.

ಅವರು ಹುಟ್ಟಿದ್ದು 1883ರಲ್ಲಿ, ಪ್ಯಾರಿಸಿನಲ್ಲಿ. ತಂದೆ ರುಮೇನಿಯದ ಪುರಾತನ ಇಗರ್ಜಿಗಳನ್ನು ಜೀರ್ಣೋದ್ಧಾರ ಮಾಡಿದ ವಾಸ್ತುಶಿಲ್ಪಿ. ತಾಯಿ ಕಾದಂಬರಿಕಾರ್ತಿ, ಮೊಪಾಸಾನ ಸ್ನೇಹಿತೆ. ಮಗ ಓದಿದ್ದು ಕಾನೂನು, ಬರೆದದ್ದು ನಾಟಕ. ಇಂಥವರು ಗಣಿತದತ್ತ ತಿರುಗಿದ್ದು ಸಾಹಿತ್ಯವನ್ನೇ ಪಾಠ ಹೇಳುವ ನನಗೆ ಸೋಜಿಗದ ಸಂಗತಿ.

ತಿರುಗಿಸಿದ್ದು ಮೊದಲ ಮಹಾಯುದ್ಧ. 1912ರ ನೊಬೆಲ್ ಪಾರಿತೋಷಕ ಪಡೆದಿದ್ದ ಶಸ್ತ್ರವೈದ್ಯ ಅಲೆಕ್ಸಿಸ್ ಕ್ಯಾರೆಲರು ರಣರಂಗಕ್ಕೆ ಸಮೀಪದ ಕೊಂಪಿಯೆನ್ ಪಟ್ಟಣದಲ್ಲಿ ಆಸ್ಪತ್ರೆ ನಡೆಸುತ್ತಿದ್ದರು. ಗಾಯ ಕೀವಾಗಿ ಸೈನಿಕರು ಕೈಕಾಲುಗಳನ್ನೂ ಪ್ರಾಣವನ್ನೂ ಕಳೆದುಕೊಳ್ಳುತ್ತಿದ್ದ ಕಾಲವದು. ಡೇಕಿನ್ ದ್ರಾವಣದಿಂದ ಗಾಯ ತೊಳೆಯುವ ಕ್ರಮವೇನೋ ಬಂದಿತ್ತು. ಆದರೆ ಗಾಯ ಔಷಧದಿಂದ ಬೇಗ ಮಾಯಿತೋ, ತಾನಾಗಿಯೇ ಅಷ್ಟು ದಿನಕ್ಕೆ ಮಾಯುತ್ತಿತ್ತೋ ಎಂದು ಹೇಳಲು ವೈದ್ಯರ ಕಣ್ಣಂದಾಜಿನ ಹೊರತು ಅಳತೆಗೋಲಿರಲಿಲ್ಲ.

ಕ್ಯಾರೆಲರ ಬಳಗದವರು ಗಾಯದ ಮೇಲೆ ಪಾರದರ್ಶಕ ಹಾಳೆಯಿಟ್ಟು, ಅಂಚಿನ ಗುಂಟ ಗೆರೆಯೆಳೆದು, ಆ ಆಕೃತಿಯ ವಿಸ್ತೀರ್ಣವನ್ನು ಪ್ಲಾನಿಮೀಟರಿನಿಂದ ಅಳೆಯುತ್ತಿದ್ದರು. ನಾಲ್ಕು ದಿನಕ್ಕೊಮ್ಮೆ ಹೀಗೆ ದೊರೆತ ಅಂಕಿಗಳು ದು ನೂಯಿಯವರ ಕೈಗೆ ಬಂದವು. ಗಾಯ ಮೊದಮೊದಲು ಬೇಗಬೇಗನೆ ಕುಗ್ಗಿ, ಕಿರಿದಾದಂತೆಲ್ಲ ನಿಧಾನಿಸುವ ವಕ್ರರೇಖೆಯೊಂದು ಅವುಗಳಲ್ಲಿ ಅಡಗಿತ್ತು. ಅದರ ಸೂತ್ರವನ್ನು ಅವರು 1916ರಲ್ಲಿ ಪ್ರಕಟಿಸಿದರು. ಮೊದಲ ಎರಡು ಅಳತೆಗಳಿಂದ ಆ ಗಾಯದ ಸೂಚ್ಯಂಕ ದೊರೆಯುತ್ತದೆ. ಸೂಚ್ಯಂಕದಿಂದ ಮುಂದಿನ ವಿಸ್ತೀರ್ಣಗಳನ್ನೂ, ಪೂರ್ತಿ ಮಾಯುವ ದಿನವನ್ನೂ ಮುಂಚಿತವಾಗಿಯೇ ಗುಣಿಸಬಹುದು. ಅಳೆದು ಬಂದ ರೇಖೆ ಗುಣಿಸಿದ ರೇಖೆಯನ್ನು ಬಿಟ್ಟು ಮೇಲಕ್ಕೆ ಸರಿದರೆ, ಸೋಂಕು ಹೊಕ್ಕಿದೆಯೇ ಎಂದು ವೈದ್ಯರು ಎಚ್ಚತ್ತುಕೊಳ್ಳುತ್ತಿದ್ದರು. ಔಷಧದ ಗುಣಾವಗುಣಗಳಿಗೂ ಇದೇ ಒರೆಗಲ್ಲಾಯಿತು. ರೋಗಿ ಇನ್ನೊಬ್ಬ ರೋಗಿಯೊಡನೆ ಅಲ್ಲ, ತನ್ನದೇ ಲೆಕ್ಕದೊಡನೆ ಹೋಲಿಕೆಗೆ ನಿಂತನು. ನನಗೆ ಮೆಚ್ಚಿಗೆಯಾದ ಅಂಶವಿದು.

ಸೂಚ್ಯಂಕವು ಗಾಯದ ಗಾತ್ರದಂತೆ ಗಾಯಾಳುವಿನ ವಯಸ್ಸನ್ನೂ ಅವಲಂಬಿಸಿತ್ತು. ಅವರ ಲೆಕ್ಕದಂತೆ 20 ಚದರ ಸೆಂಟಿಮೀಟರಿನ ಗಾಯ ಹತ್ತರ ಬಾಲಕನಲ್ಲಿ ಸುಮಾರು 20 ದಿನಗಳಲ್ಲಿ ಮಾಯಿದರೆ, ಅರವತ್ತರ ವೃದ್ಧನಲ್ಲಿ ಸುಮಾರು 100 ದಿನ ಹಿಡಿಯುತ್ತದೆ. ನಲವತ್ತು ದಾಟಿದವರಿಗೆ ಇದು ಅಷ್ಟು ಹಿತವಾದ ಗಣಿತವಲ್ಲ! ಗಡಿಯಾರದ ಕಾಲ ಬೇರೆ, ದೇಹದ ಕಾಲ ಬೇರೆ ಎಂಬ ಅವರ ಮುಂದಿನ ಚಿಂತನೆ ಮೊಳೆತದ್ದು ಇಲ್ಲಿಯೇ.

1920ರಲ್ಲಿ ಅವರು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯನ್ನೂ, 1927ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯನ್ನೂ ಸೇರಿದರು. ದ್ರವಗಳ ಮೇಲ್ಮೈ ಎಳೆತವನ್ನು ಅಳೆಯಲು ಅವರು ರೂಪಿಸಿದ ಉಂಗುರದ ಉಪಕರಣ ಇಂದಿಗೂ ಬಳಕೆಯಲ್ಲಿದೆ. ಎರಡನೆಯ ಮಹಾಯುದ್ಧದ ನಡುವೆ ಅಮೆರಿಕಕ್ಕೆ ತೆರಳಿ, 1947ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಇಂದಿನ ಗಣಿತಜ್ಞರು ಜೀವಕೋಶಗಳ ಚಲನವಲನವನ್ನೇ ಸಮೀಕರಣಗಳಿಗೆ ಇಳಿಸುತ್ತಾರೆ. ಆದರೂ ಮಧುಮೇಹಿಯ ಕಾಲಿನ ಹುಣ್ಣಿನ ವಿಸ್ತೀರ್ಣವನ್ನು ಅಳೆದು ನೋಡುವ ಪದ್ಧತಿ ನಿಂತಿಲ್ಲ. ನಾಲ್ಕು ವಾರಗಳಲ್ಲಿ ಅದು ಅರ್ಧದಷ್ಟಾದರೂ ಕುಗ್ಗದಿದ್ದರೆ ವೈದ್ಯರು ಚಿಕಿತ್ಸೆಯನ್ನು ಮತ್ತೆ ಪರಿಶೀಲಿಸುತ್ತಾರೆ.